ಮಾರುತಿ 800ರ ಪೆಟ್ರೋಲ್ ಮುಳ್ಳು ಏಳದಿದ್ದರೆ ಮೊದಲು ಟ್ಯಾಂಕ್ ಕಡೆ ನೋಡಿ

ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ 1996ರ ಮಾರುತಿ 800 ಇನ್ನೂ ದಿನಾ ಓಡುತ್ತದೆ. ಇಂಥ ಗಾಡಿ ಇಟ್ಟುಕೊಂಡಿರುವವರಿಗೆ ಒಂದು ಮಾತು ಹೇಳಲೇಬೇಕು. ಪೆಟ್ರೋಲ್ ಮುಳ್ಳು ಕೆಟ್ಟಿತು ಅಂತ ಸುಮ್ನೆ ಇಡೀ ಮೀಟರ್ ಬದಲಿಸಬೇಡಿ. ಮಳೆ, ಕೆಸರಲ್ಲಿ ಓಡಾಡುವ ಗಾಡಿಯಲ್ಲಿ ಮೊದಲು ಕೈಕೊಡುವುದು ಟ್ಯಾಂಕ್ ಹತ್ತಿರದ ವೈರು, ಅರ್ತಿಂಗ್ (ಕರೆಂಟ್ ಬಾಡಿಗೆ ವಾಪಸಾಗುವ ಜೋಡಣೆ), ಇಲ್ಲವೇ ಒಳಗಿನ ಫ್ಲೋಟ್.

ಇದರ ಕೆಲಸ ಸರಳ. ಪೆಟ್ರೋಲ್ ಮೇಲೆ ಫ್ಲೋಟ್ ತೇಲುತ್ತದೆ. ಅದರ ಕಡ್ಡಿ ಏರಿಳಿದಂತೆ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಬರುವ ಅಡ್ಡಿ, ಬದಲಾಗುತ್ತದೆ. ಇದೆಲ್ಲ ಸೇರಿದ್ದೇ ಟ್ಯಾಂಕ್ ಯೂನಿಟ್. ಟ್ಯಾಂಕ್ ತುಂಬಿದ್ದರೆ ರೆಸಿಸ್ಟೆನ್ಸ್ ಕಡಿಮೆ, ಕರೆಂಟ್ ಜಾಸ್ತಿ. ಆ ಕರೆಂಟ್ ಮೀಟರಿನ ಬೈಮೆಟಲ್ (ಎರಡು ಲೋಹ ಬೆಸೆದ) ಪಟ್ಟಿಯನ್ನು ಬಿಸಿ ಮಾಡಿ ಬಗ್ಗಿಸುತ್ತದೆ, ಮುಳ್ಳು ಏಳುತ್ತದೆ. ಕೀ ತಿರುಗಿಸಿದ ಮೇಲೆ ಅದು ನಿಧಾನಕ್ಕೆ ಏಳುವುದು ದೋಷವಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಪೆಟ್ರೋಲ್ ತುಳುಕಿದರೂ ಮುಳ್ಳು ಕುಣಿಯದಿರುವುದೂ ಇದರಿಂದಲೇ.

ಹಾಗಾಗಿ ವೈರ್ ತುಂಡಾದರೆ ಮುಳ್ಳು ಖಾಲಿ ಗುರುತಿನಲ್ಲೇ ಮಲಗಿರುತ್ತದೆ. ವೈರ್ ಎಲ್ಲೋ ಸವೆದು ಬಾಡಿಗೆ ತಾಗಿದರೆ ಫುಲ್ ದಾಟಿ ನಿಲ್ಲುತ್ತದೆ. ಟೆಂಪರೇಚರ್ ಮುಳ್ಳೂ ಜೊತೆಗೇ ಸತ್ತಿದ್ದರೆ ಟ್ಯಾಂಕಿನ ಗೊಡವೆಗೆ ಹೋಗಬೇಡಿ, ಫ್ಯೂಸ್ ಮತ್ತು ಮೀಟರಿಗೆ ಬರುವ ಪವರ್ ನೋಡಿ.

ಈಗ ಪರೀಕ್ಷೆ. ಗಾಡಿಯನ್ನು ಬಯಲಲ್ಲಿ ನಿಲ್ಲಿಸಿ. ಬೀಡಿ, ಸಿಗರೇಟು ಹತ್ತಿರ ಬರಬಾರದು. ಕೀ ಆಫ್ ಮಾಡಿ, ಟ್ಯಾಂಕ್ ಯೂನಿಟ್‌ನ ಕನೆಕ್ಟರ್ ಬಿಚ್ಚಿ. ಮೀಟರಿಗೆ ಹೋಗುವ ವೈರು ಸಾಮಾನ್ಯವಾಗಿ ಹಳದಿ, ಅದರ ಮೇಲೆ ಕೆಂಪು ಗೆರೆ. 12 ವೋಲ್ಟಿನ, 3.4 ವ್ಯಾಟಿನ ಪುಟ್ಟ ಬಲ್ಬ್ ತೆಗೆದುಕೊಂಡು ಒಂದು ಕಡೆ ಈ ವೈರಿಗೆ, ಇನ್ನೊಂದು ಕಡೆ ಬಾಡಿಯ ಶುದ್ಧ ಲೋಹಕ್ಕೆ ಬಿಗಿಯಾಗಿ ಕಟ್ಟಿ. ಆಮೇಲೆ ಕೀ ಆನ್ ಮಾಡಿ. ಈ ಕ್ರಮ ತಪ್ಪಿಸಬೇಡಿ. ಕೀ ಆನ್ ಇರುವಾಗ ಟ್ಯಾಂಕ್ ಪಕ್ಕದಲ್ಲಿ ವೈರ್ ತಾಗಿಸಿದರೆ ಕಿಡಿ ಹಾರುತ್ತದೆ. ಬಲ್ಬ್ ಇಲ್ಲದೆ ನೇರ ಬಾಡಿಗೆ ಹಿಡಿದರೆ ಮೀಟರಿನ ಸುರುಳಿ ಸುಟ್ಟುಹೋಗಬಹುದು.

ಬಲ್ಬ್ ಹತ್ತಿ ಮುಳ್ಳು ಮೇಲೆದ್ದಿತೇ? ಮೀಟರ್ ಚೆನ್ನಾಗಿದೆ, ವೈರೂ ಚೆನ್ನಾಗಿದೆ. ಕೀ ಆಫ್ ಮಾಡಿ ಬಲ್ಬ್ ತೆಗೆದು ಕನೆಕ್ಟರ್ ವಾಪಸ್ ಹಾಕಿ. ಟ್ಯಾಂಕ್ ಯೂನಿಟ್‌ನ ಲೋಹದ ಅಂಚಿನಿಂದ ಬಾಡಿಗೆ ಬೇರೆ ವೈರ್ ಕಟ್ಟಿ, ಮತ್ತೆ ಕೀ ಆನ್ ಮಾಡಿ. ಈಗ ಮುಳ್ಳು ಸರಿಯಾಗಿ ತೋರಿಸಿದರೆ ಅರ್ತಿಂಗ್ ಹೋಗಿದೆ ಅಂತ ಅರ್ಥ. ಅರ್ತ್ ವೈರಿನ ಸ್ಕ್ರೂ ಬಿಚ್ಚಿ, ತುಕ್ಕನ್ನು ಉಪ್ಪು ಕಾಗದದಿಂದ ತಿಕ್ಕಿ, ಲೋಹ ಹೊಳೆಯುವಂತೆ ಮಾಡಿ ಬಿಗಿ ಮಾಡಿ. ಮೇಲೆ ಸ್ವಲ್ಪ ಗ್ರೀಸ್ ಸವರಿ. ಹೆಚ್ಚಿನ ಗಾಡಿಗಳ ಕಥೆ ಇಲ್ಲಿಗೇ ಮುಗಿಯುತ್ತದೆ.

ಆಗಲೂ ಏಳದಿದ್ದರೆ ಟ್ಯಾಂಕ್ ಯೂನಿಟ್ ಹೊರಗೆ ತೆಗೆಯಬೇಕು. ಮೇಲಿಂದ ಕೈ ಹೋಗದ ಗಾಡಿಗಳಲ್ಲಿ ಟ್ಯಾಂಕ್ ಇಳಿಸಬೇಕಾಗುತ್ತದೆ, ಅದಕ್ಕೆ ಮೆಕ್ಯಾನಿಕ್ ಸಹಾಯ ಪಡೆಯಿರಿ. ಬ್ಯಾಟರಿಯ ಮೈನಸ್ ಬಿಚ್ಚಿರಲಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರಲಿ. ಹೊರಬಂದ ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ಅದು ತೂತಾಗಿದೆ, ಬದಲಿಸಿ. ಸದ್ದಿಲ್ಲದಿದ್ದರೆ ಮಲ್ಟಿಮೀಟರನ್ನು 200 ಓಮ್‌ಗೆ ಇಟ್ಟು ಕಡ್ಡಿಯನ್ನು ಕೆಳಗಿಂದ ಮೇಲಕ್ಕೆ ನಿಧಾನಕ್ಕೆ ಎತ್ತಿ. ಸಂಖ್ಯೆ ನೂರರ ಆಸುಪಾಸಿನಿಂದ ಒಂದೇ ಸಮನೆ ಇಳಿಯುತ್ತಾ ಬರಬೇಕು. ನಡುವೆ ಎಲ್ಲಾದರೂ ರೀಡಿಂಗ್ ಮಾಯವಾದರೆ ಅಲ್ಲಿ ಕಡ್ಡಿ ಉಜ್ಜುವ ರೆಸಿಸ್ಟೆನ್ಸ್ ಪಟ್ಟಿ ಕೊಳೆಯಾಗಿದೆ, ಇಲ್ಲವೇ ಸವೆದಿದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ. ಇಲ್ಲಿ ಉಪ್ಪು ಕಾಗದ ಮುಟ್ಟಿಸಬೇಡಿ, ಇರುವ ಸಣ್ಣ ತಂತಿಯೂ ಹೋಗುತ್ತದೆ. ಸವೆದಿದ್ದರೆ ಹೊಸ ಯೂನಿಟ್ಟೇ ದಾರಿ.

ಯೂನಿಟ್ ವಾಪಸ್ ಹಾಕುವಾಗ ಅಂಚಿನಲ್ಲಿ ಸೋರದಂತೆ ತಡೆಯುವ ಪ್ಯಾಕಿಂಗ್ ಹೊಸದನ್ನೇ ಬಳಸಿ. ಮಾಮೂಲಿ ಸಿಲಿಕಾನ್ ಅಂಟು ಪೆಟ್ರೋಲಿಗೆ ನಿಲ್ಲುವುದಿಲ್ಲ.

ಮೊದಲ ಪರೀಕ್ಷೆಯಲ್ಲಿ ಬಲ್ಬೇ ಹತ್ತದಿದ್ದರೆ, ಇಲ್ಲವೇ ಹತ್ತಿದರೂ ಮುಳ್ಳು ಏಳದಿದ್ದರೆ ಮಾತ್ರ ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು. ಅದಕ್ಕೂ ಮೊದಲು ಆ ಹಳದಿ ವೈರು ಮಧ್ಯೆ ಎಲ್ಲೂ ತುಂಡಾಗಿಲ್ಲ ಅಂತ ಮಲ್ಟಿಮೀಟರಿನಲ್ಲಿ ನೋಡಿಕೊಳ್ಳಿ. ಮೀಟರ್ ಹಿಂದಿನ ಪುಟ್ಟ ನಟ್‌ಗಳು ಸಡಿಲವಾಗಿದ್ದರೆ ಬಿಗಿ ಮಾಡಿ.

ಎಲ್ಲ ಮುಗಿದ ಮೇಲೆ ಬಂಕಿನಲ್ಲಿ ಐದೈದು ಲೀಟರ್ ಹಾಕಿಸುತ್ತಾ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಬರೆದಿಡಿ. ಟ್ಯಾಂಕ್ ಹಿಡಿಯುವುದು 28 ಲೀಟರ್. ಅರ್ಧಕ್ಕಿಂತ ಜಾಸ್ತಿ ಇದ್ದರೂ ಮುಳ್ಳು ಕಾಲು ಭಾಗದ ಗುರುತಿನಲ್ಲೇ ನಿಂತರೆ ಫ್ಲೋಟ್ ಕಡ್ಡಿ ಬಗ್ಗಿದೆಯಾ, ಟ್ಯಾಂಕಿನ ಗೋಡೆಗೆ ತಾಗುತ್ತಿದೆಯಾ ಅಂತ ಇನ್ನೊಮ್ಮೆ ನೋಡಿ.