ಹಳೇ ಮೈಕ್ರೋಸ್ಕೋಪಿನಲ್ಲೇ ಕುಪ್ಫರ್ ಚೀಲದ ಸಿಲಿಯಾ: ಹಾಸನದಲ್ಲಿ ನನ್ನ ಅನುಭವ

ಜೀಬ್ರಾ ಮೀನಿನ ಭ್ರೂಣದ ಬಾಲದ ಕಡೆ ಕುಪ್ಫರ್ ಚೀಲ ಅಂತ ದ್ರವ ತುಂಬಿದ ಪುಟ್ಟ ಗುಳ್ಳೆ ಇರುತ್ತದೆ, ಅದರೊಳಗೆ ಸಿಲಿಯಾ ಅನ್ನೋ ಕೂದಲಿನಂಥ ಸೂಕ್ಷ್ಮ ಎಳೆಗಳು ತಿರುಗಿ ಆ ದ್ರವವನ್ನು ಹರಿಸುತ್ತವೆ. ಡಿಐಸಿ ಲೆನ್ಸ್ (ಪಾರದರ್ಶಕ ವಸ್ತುವನ್ನು ಎದ್ದು ಕಾಣಿಸುವಂಥದ್ದು) ಇಲ್ಲದೆ ಈ ಸಿಲಿಯಾ ಕಾಣೋದೇ ಇಲ್ಲ ಅಂದವರೇ ಜಾಸ್ತಿ. ಈಗ ಹಾಸನದ ನಮ್ಮ ಬಿಎಸ್ಸಿ ಲ್ಯಾಬಿನಲ್ಲಿ, 40x ಲೆನ್ಸಿನಲ್ಲಿ, ಮಕ್ಕಳೇ ಅದನ್ನು ನೋಡುತ್ತಿದ್ದಾರೆ.

ಮೀನು ಅಗ್ಗ, ಅಕ್ವೇರಿಯಂ ಅಂಗಡಿಯಲ್ಲಿ ಜೋಡಿಗೆ 40 ರೂಪಾಯಿಯೋ ಏನೋ. ದುಡ್ಡು ಹೋಗಿದ್ದು ಲೆನ್ಸಿಗೆ. ಸುಮಾರು 11 ಸಾವಿರ ಕೊಟ್ಟು ತಂದ ಸೆಕೆಂಡ್ ಹ್ಯಾಂಡ್ ಲೆನ್ಸಿನ ಒಳಗೇ ಬೂಷ್ಟು ಇತ್ತು, ಮಾರಿದವರು ವಾಪಸ್ ತಗೊಳ್ಳಲಿಲ್ಲ. ಆಮೇಲೆ ಚಳಿ. ಭ್ರೂಣಕ್ಕೆ ಬೇಕಾದ್ದು 28.5 ಡಿಗ್ರಿ, ಇಲ್ಲಿ ಡಿಸೆಂಬರ್ ರಾತ್ರಿ ಕರೆಂಟು ಹೋದರೆ ಹೀಟರೂ ಇಲ್ಲ, ಬೆಳಿಗ್ಗೆ ನೋಡಿದರೆ ಬೆಳವಣಿಗೆಯ ಹಂತವೆಲ್ಲ ಹಿಂದೆ ಬಿದ್ದಿರುತ್ತಿತ್ತು. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿ ಇಟ್ಟ ಮೇಲೆ ಆ ಕಾಟ ನಿಂತಿತು.

ನಿಜವಾದ ತೊಡಕು ಹೊತ್ತಿನದು. ಮೀನು ಮೊಟ್ಟೆ ಇಡೋದು ಬೆಳಕಾದ ಕೂಡಲೇ, ಚೀಲ ಚೆನ್ನಾಗಿ ಕಾಣೋದು ಅದಾದ 14 ಗಂಟೆಯ ಸುಮಾರಿಗೆ. ಅಂದರೆ ರಾತ್ರಿ ಒಂಬತ್ತು, ಆಗ ಕಾಲೇಜಿಗೆ ಬೀಗ! 500 ರೂಪಾಯಿಯ ಟೈಮರ್ ಹಾಕಿ ತೊಟ್ಟಿಗೆ ರಾತ್ರಿ ಎಂಟಕ್ಕೆ ಬೆಳಕಾಗುವ ಹಾಗೆ ಮಾಡಿದೆ. ಮೀನು ಹೊಂದಿಕೊಳ್ಳೋಕೆ ಕೆಲವು ವಾರ ಬೇಕಾಯಿತು. ಈಗ ಬೆಳಿಗ್ಗೆ ಹತ್ತರ ಪ್ರಾಕ್ಟಿಕಲ್‌ಗೆ ಚೀಲ ರೆಡಿ.

ಕಂಡೆನ್ಸರ್ (ಸ್ಲೈಡಿನ ಕೆಳಗೆ ಬೆಳಕು ಕೂಡಿಸುವ ಮಸೂರ) ಕೆಳಗೆ ಕಪ್ಪು ಕಾಗದ ಅಡ್ಡ ಸರಿಸಿ, ಪಾರದರ್ಶಕ ವಸ್ತು ಎದ್ದು ಕಾಣುವ ಹಾಗೆ ಬೆಳಕನ್ನು ಓರೆ ಮಾಡುವುದು ಎಲ್ಲರಿಗೂ ಗೊತ್ತು. ಆದರೆ ಅದನ್ನು ಮೊದಲು ಪ್ಯಾರಮೀಸಿಯಂ ಅನ್ನೋ ಏಕಕೋಶ ಜೀವಿಯ ಮೇಲೆ ಹೊಂದಿಸಿಕೊಳ್ಳಿ, ಅದರ ಸಿಲಿಯಾ ಸ್ಪಷ್ಟವಾದರೆ ಭ್ರೂಣದ್ದೂ ಆಗುತ್ತದೆ. ನಾನು ಭತ್ತದ ಹುಲ್ಲು ನೆನೆಸಿಟ್ಟು ಅದನ್ನು ಬೆಳೆಸುತ್ತೇನೆ. ಮರಿಗಳಿಗೂ ಅದೇ ಊಟ, ಆರ್ಟೀಮಿಯಾ (ಮರಿಗಳಿಗೆ ತಿನ್ನಿಸುವ ಪುಟ್ಟ ಸಿಗಡಿಯಂಥ ಜೀವಿ) ಡಬ್ಬಿಯ ಖರ್ಚೂ ಉಳಿಯಿತು. ಭ್ರೂಣವನ್ನು ಬಾಲದ ಕಡೆ ಮೇಲಾಗಿ ಅಲುಗದ ಹಾಗೆ ನಿಲ್ಲಿಸೋಕೆ ನನ್ನದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯಲ್ಲ, ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ. ಸಿಲಿಯಾ ಸೆಕೆಂಡಿಗೆ 30ರ ಆಸುಪಾಸು ಸುತ್ತು ಹಾಕುತ್ತದೆ, ಕಣ್ಣಿಗೆ ಬರೀ ಮಿನುಗು. ಮೊಬೈಲಿನ ಸ್ಲೋ ಮೋಷನ್‌ನಲ್ಲಿ, 240 ಫ್ರೇಮಿಗೆ, ತಿರುಗುವುದು ಗೊತ್ತಾಗುತ್ತದೆ.

ಇಷ್ಟಕ್ಕೇ ಬಿಡಲಿಲ್ಲ. ಸ್ಪಿರಿಟ್ ದೀಪದ ಮೇಲೆ ಗಾಜಿನ ಕೊಳವೆ ಎಳೆದು ಸೂಜಿ ಮಾಡಿ ಕೆಲವು ಭ್ರೂಣಗಳ ಚೀಲ ಚುಚ್ಚಿದೆ. ತುಂಬಾ ಸತ್ತವು. ಉಳಿದವನ್ನು 48 ಗಂಟೆಗೆ ನೋಡಿದರೆ ಹತ್ತರಲ್ಲಿ ಮೂರ್ನಾಲ್ಕರ ಹೃದಯ ಉಲ್ಟಾ ಬಾಗಿತ್ತು. ಮುಟ್ಟದೇ ಬಿಟ್ಟವುಗಳಲ್ಲಿ ನೂರಕ್ಕೆ ನಾಲ್ಕೈದು ಅಷ್ಟೇ. ಚೀಲದಲ್ಲಿ ಎಡಕ್ಕೆ ಹರಿಯುವ ಆ ಚೂರು ದ್ರವವೇ ಭ್ರೂಣದ ಎಡಗಡೆ ಸೌತ್‌ಪಾ ಅನ್ನೋ ಜೀನಿನ ಸಿಗ್ನಲ್ ಏಳಿಸೋದು, ಹೃದಯ ಯಾವ ಕಡೆ ಬಾಗಬೇಕು ಅನ್ನೋದು ಅದರಿಂದಲೇ ಅಲ್ವಾ? ಪಾಠ ಮಾಡುವಾಗ ಸುಮ್ನೆ ಹೇಳಿಕೊಂಡು ಬಂದಿದ್ದನ್ನು ಮಕ್ಕಳು ತಾವೇ ಎಣಿಸಿ ಬರೆದಿಟ್ಟರು.

ಮುಂದೆ ಸೌತ್‌ಪಾ ಪ್ರೋಬ್ (ಆ ಜೀನ್ ಭ್ರೂಣದಲ್ಲಿ ಎಲ್ಲಿ ಕೆಲಸ ಮಾಡುತ್ತಿದೆ ಅಂತ ಹುಡುಕಿ ಅಂಟಿಕೊಳ್ಳುವ ತುಣುಕು) ಮಾಡಿ ಬಣ್ಣ ಹಾಕಿಸಬೇಕು. ಅದಕ್ಕೆ ಮೂವತ್ತು ಸಾವಿರವಾದರೂ ಬೇಕು, ಕೂಡಿಸುತ್ತಿದ್ದೇನೆ.