ಹೈಬ್ರಿಡ್ ಕಾರಿಗೆ ಆಯಿಲ್ ಗ್ರೇಡ್ ಆರಿಸುವಾಗ ನಾನು ನೋಡಿದ್ದೇನು

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಾನು ಓಡಿಸುತ್ತಿರುವ ಟೊಯೊಟಾ ರಾವ್4 ಹೈಬ್ರಿಡ್ ಕಾರಿನ ಕೈಪಿಡಿಯು 0ಡಬ್ಲ್ಯು-16 ಆಯಿಲ್ ಹಾಕಬೇಕೆಂದು ಹೇಳುತ್ತದೆ. ಊರಿನಲ್ಲಿ 20ಡಬ್ಲ್ಯು-40 ಹಾಕಿದ ಗಾಡಿಗಳನ್ನೇ ನೋಡುತ್ತ ಬೆಳೆದ ನಮಗೆ, ಆಯಿಲ್ ದಪ್ಪವಿದ್ದಷ್ಟೂ ಇಂಜಿನ್ ಹೆಚ್ಚು ಕಾಲ ಬಾಳುತ್ತದೆ ಎಂಬ ಮಾತು ಕಿವಿಗೆ ಬೀಳುತ್ತಲೇ ಇರುತ್ತದೆ. ಹಾಗಾಗಿ ಇಷ್ಟು ತೆಳುವಾದ ಆಯಿಲನ್ನು ಕಂಪನಿಯವರು ಏಕೆ ಸೂಚಿಸಿದ್ದಾರೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಮುಂದುವರಿಯಬೇಕೆಂದು ನಿಶ್ಚಯಿಸಿದೆ.

ಮೊದಲು ಗ್ರೇಡಿನ ಎರಡು ಸಂಖ್ಯೆಗಳನ್ನು ಬೇರೆಬೇರೆಯಾಗಿ ನೋಡಬೇಕು. ಡಬ್ಲ್ಯು ಅಕ್ಷರದ ಹಿಂದಿನ ಸಂಖ್ಯೆ ಚಳಿಗೆ ಸಂಬಂಧಿಸಿದ್ದು. 0ಡಬ್ಲ್ಯು ಎನಿಸಿಕೊಳ್ಳುವ ಆಯಿಲ್ ಮೈನಸ್ 35 ಡಿಗ್ರಿಯಲ್ಲೂ ಇಂಜಿನ್ ತಿರುಗಲು ಅಡ್ಡಿಯಾಗದಷ್ಟು ಸಡಿಲವಾಗಿರಬೇಕು, ಮೈನಸ್ 40ರಲ್ಲೂ ಪಂಪಿಗೆ ಎಳೆಯಲು ಸಿಗಬೇಕು. ಜನವರಿಯ ರಾತ್ರಿಗಳಲ್ಲಿ ಮೈನಸ್ 20ಕ್ಕಿಂತ ಕೆಳಗೆ ಇಳಿಯುವ ಮಿನಿಯಾಪೊಲಿಸ್‌ನಲ್ಲಿ ಈ ಸಂಖ್ಯೆಯ ವಿಷಯದಲ್ಲಿ ರಾಜಿಯ ಪ್ರಶ್ನೆಯೇ ಇರಲಿಲ್ಲ. ಎರಡನೆಯ ಸಂಖ್ಯೆ ಬಿಸಿಯಾದ ಇಂಜಿನ್ನಿನಲ್ಲಿ ಆಯಿಲ್ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು ಹೇಳುತ್ತದೆ. 150 ಡಿಗ್ರಿ ಶಾಖ ಮತ್ತು ತೀವ್ರ ಉಜ್ಜಾಟದ ಪರೀಕ್ಷೆಯಲ್ಲಿ 20ರ ಗ್ರೇಡಿಗೆ ಕನಿಷ್ಠ 2.6 ಮಿಲಿಪ್ಯಾಸ್ಕಲ್-ಸೆಕೆಂಡ್ ಸ್ನಿಗ್ಧತೆ, ಅಂದರೆ ದಪ್ಪ, ಇರಬೇಕು. 2013ರಲ್ಲಿ, ಆಯಿಲ್ ಗ್ರೇಡುಗಳನ್ನು ನಿಗದಿಪಡಿಸುವ ಎಸ್‌ಎಇ ಸಂಸ್ಥೆಯ ಪಟ್ಟಿಗೆ ಸೇರಿದ 16ರ ಗ್ರೇಡಿಗೆ 2.3 ಸಾಕು. ಬೇರಿಂಗುಗಳ ನಡುವೆ ನಿಲ್ಲುವ ಆಯಿಲ್ ಪದರದ ಲೆಕ್ಕ ಇಲ್ಲಿದೆ. ನಾನು ಹೆಚ್ಚು ಯೋಚಿಸಿದ್ದೂ ಇದರ ಬಗ್ಗೆಯೇ.

ಹೈಬ್ರಿಡ್ ಇಂಜಿನ್ನಿನ ದಿನಚರಿ ಸಾಮಾನ್ಯ ಇಂಜಿನ್ನಿನದರಂತಲ್ಲ. ಒಂದೇ ಪ್ರಯಾಣದಲ್ಲಿ ಅದು ಅನೇಕ ಬಾರಿ ನಿಂತು ಮತ್ತೆ ಶುರುವಾಗುತ್ತದೆ, ಕೆಳವೇಗದಲ್ಲಿ ಬ್ಯಾಟರಿ ಮತ್ತು ಮೋಟರಿಗೆ ಕೆಲಸ ಬಿಟ್ಟು ಸುಮ್ಮನಿರುತ್ತದೆ, ಹೀಗಾಗಿ ಚಳಿಗಾಲದಲ್ಲಿ ಆಯಿಲ್ ಪೂರ್ತಿ ಬಿಸಿಯಾಗಲು ಬಹಳ ಹೊತ್ತು ಬೇಕಾಗುತ್ತದೆ. ಮನೆಯಿಂದ ಮೋಟರಿನ ಬಲದಲ್ಲೇ ಹೊರಟು ಹೆದ್ದಾರಿಯ ಏರುದಾರಿಗೆ ಬಂದ ಕ್ಷಣದಲ್ಲಿ, ಇನ್ನೂ ತಣ್ಣಗಿರುವ ಇಂಜಿನ್ನಿಗೆ ಒಮ್ಮೆಲೇ ಹೆಚ್ಚು ಬಲ ಕೊಡುವ ಹೊಣೆ ಬೀಳುತ್ತದೆ. ಆಗ ಬೇರಿಂಗುಗಳಿಗೂ ಕವಾಟಗಳನ್ನು ತೆರೆಯುವ ಕ್ಯಾಮ್‌ಗಳಿಗೂ ಬೇಗನೆ ತಲುಪುವ ಆಯಿಲ್ ಬೇಕು. ಈ 2.5 ಲೀಟರ್ ಇಂಜಿನ್ನಿನ ಉಷ್ಣ ದಕ್ಷತೆಯನ್ನು, ಅಂದರೆ ಇಂಧನದ ಶಕ್ತಿಯಲ್ಲಿ ಕೆಲಸಕ್ಕೆ ಬರುವ ಪಾಲನ್ನು, ಟೊಯೊಟಾ ಶೇಕಡಾ 41 ಎಂದು ಹೇಳಿಕೊಂಡಿದೆ. ಒಳಗಿನ ಘರ್ಷಣೆಯನ್ನು ಕಡಿಮೆ ಮಾಡುವ ತೆಳು ಆಯಿಲ್ ಕೂಡ ಆ ವಿನ್ಯಾಸದ ಭಾಗವೇ ಆಗಿದೆ.

ಆದರೆ ತಣ್ಣಗೆ ಓಡುವ ಇಂಜಿನ್ನಿನಲ್ಲಿ ಇನ್ನೊಂದು ತೊಂದರೆಯಿದೆ. ಪೂರ್ತಿ ಉರಿಯದ ಪೆಟ್ರೋಲೂ ನೀರಿನಂಶವೂ ಆಯಿಲಿಗೆ ಇಳಿಯುತ್ತವೆ, ಆಯಿಲ್ ಸಾಕಷ್ಟು ಬಿಸಿಯಾಗದೆ ಅವು ಆವಿಯಾಗಿ ಹೋಗುವುದಿಲ್ಲ. ಮೊದಲೇ ತೆಳುವಾದ ಆಯಿಲ್ ಪೆಟ್ರೋಲ್ ಸೇರಿ ಇನ್ನಷ್ಟು ತೆಳುವಾದರೆ ಗತಿಯೇನು? ಇದನ್ನು ಊಹೆಗೆ ಬಿಡಲು ಮನಸ್ಸಾಗದೆ, ಒಂದು ಚಳಿಗಾಲ ಕಳೆದ ಮೇಲೆ ತೆಗೆದ ಆಯಿಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಿದೆ. ಪೆಟ್ರೋಲಿನ ಅಂಶ ಕಾಣಿಸಿತ್ತು, ಆದರೆ 100 ಡಿಗ್ರಿಯಲ್ಲಿನ ಸ್ನಿಗ್ಧತೆ 16ರ ಗ್ರೇಡಿನ ಕೆಳಮಿತಿಯಾದ 6.1 ಸೆಂಟಿಸ್ಟೋಕ್‌ಗಿಂತ (ಇದು ಸ್ನಿಗ್ಧತೆಯ ಇನ್ನೊಂದು ಅಳತೆ) ಮೇಲೆಯೇ ಇತ್ತು, ಸವೆತದ ಲೋಹಗಳೂ ಹೆಚ್ಚಿರಲಿಲ್ಲ. ಅಂದಿನಿಂದ ಗ್ರೇಡನ್ನು ಬದಲಿಸುವ ಬದಲು ಆಯಿಲ್ ಬದಲಾವಣೆಯ ಅವಧಿಯನ್ನು ತಗ್ಗಿಸಿದ್ದೇನೆ. ಸಾಮಾನ್ಯ ಬಳಕೆಗೆ ಕೈಪಿಡಿ 10,000 ಮೈಲಿ ಅಥವಾ ಒಂದು ವರ್ಷ ಕೊಡುತ್ತದೆ. ಶೀತದಲ್ಲಿ ಮತ್ತೆಮತ್ತೆ ಸಣ್ಣ ದೂರ ಓಡಿಸುವವರಿಗೆ ಅದೇ 5,000 ಮೈಲಿ. ನನ್ನದು ಎರಡನೆಯ ಬಗೆಯ ಓಡಾಟ. ದಪ್ಪ ಆಯಿಲ್ ಹಾಕಿ ಬಹಳ ದಿನ ಬಿಡುವುದಕ್ಕಿಂತ ಸೂಚಿಸಿದ ಆಯಿಲನ್ನೇ ಹಾಕಿ ಬೇಗ ಬದಲಿಸುವುದು ಇಂಜಿನ್ನಿಗೆ ಹಿತ ಎಂದು ನಾನು ದೃಢವಾಗಿ ನಂಬುತ್ತೇನೆ.

ರಾಯಚೂರಿನಲ್ಲಿ ಹೈಬ್ರಿಡ್ ಕಾರು ಕೊಂಡ ನಮ್ಮ ಭಾವ, "ಇಲ್ಲಿಯ ಬಿಸಿಲಿಗೆ ಇಷ್ಟು ತೆಳು ಆಯಿಲ್ ತಡೆಯುತ್ತದೆಯೇ?" ಎಂದು ಫೋನಿನಲ್ಲಿ ಕೇಳಿದ್ದರು. ಬಿಸಿಯಾದ ಇಂಜಿನ್ನಿನ ಶಾಖವನ್ನು ಥರ್ಮೋಸ್ಟ್ಯಾಟ್ ಮತ್ತು ಕೂಲೆಂಟ್ ಹತೋಟಿಯಲ್ಲಿ ಇಡುವುದರಿಂದ, ಹೊರಗೆ ಎಷ್ಟು ಡಿಗ್ರಿ ಬಿಸಿಲೇರಿತೋ ಅಷ್ಟೇ ಡಿಗ್ರಿ ಆಯಿಲಿನ ಶಾಖವೂ ಏರುವುದಿಲ್ಲ. "ಭಾವ, ನಿಮ್ಮ ಕಾರಿನ ಕೈಪಿಡಿಯಲ್ಲಿ ಯಾವ ಯಾವ ಗ್ರೇಡುಗಳಿಗೆ ಒಪ್ಪಿಗೆ ಇದೆ ನೋಡಿ, ಅದರ ಹೊರಗೆ ಹೋಗಬೇಡಿ" ಎಂದೆ.

ಹೊರೆ ಹೆಚ್ಚಾದಾಗ ಮಾತ್ರ ಲೆಕ್ಕ ಬೇರೆ. ಅತಿವೇಗದ ಅಥವಾ ಭಾರೀ ಹೊರೆಯ ಓಡಾಟಕ್ಕೆ ಹೆಚ್ಚು ಸ್ನಿಗ್ಧತೆಯ ಆಯಿಲ್ ಸೂಕ್ತವಾಗಬಹುದೆಂದು ನನ್ನ ಕೈಪಿಡಿಯೇ ಹೇಳುತ್ತದೆ. 0ಡಬ್ಲ್ಯು-16 ಸಿಗದಿದ್ದರೆ 0ಡಬ್ಲ್ಯು-20 ಹಾಕಿ ಮುಂದಿನ ಬದಲಾವಣೆಯಲ್ಲಿ 0ಡಬ್ಲ್ಯು-16ಕ್ಕೆ ಮರಳಬೇಕೆಂದೂ ತಿಳಿಸುತ್ತದೆ. ಬೇಸಿಗೆಯಲ್ಲಿ ಕುಟುಂಬ, ಸಾಮಾನು ಎಲ್ಲವನ್ನೂ ತುಂಬಿಕೊಂಡು ಕೊಲರಾಡೊದ ಬೆಟ್ಟಗಳಿಗೆ ಹೊರಡುವ ಮುನ್ನ ನಾನು 0ಡಬ್ಲ್ಯು-20 ಹಾಕಿಸಿದೆ, ಚಳಿಗಾಲಕ್ಕೆ ಮುಂಚೆ 0ಡಬ್ಲ್ಯು-16ಕ್ಕೆ ಮರಳಿದೆ. ಇಂಧನದ ಖರ್ಚಿನಲ್ಲಿ ನನ್ನ ಗಮನಕ್ಕೆ ಬರುವಷ್ಟು ವ್ಯತ್ಯಾಸವಾಗಲಿಲ್ಲ.

ಡಬ್ಬಿ ಕೊಳ್ಳುವಾಗ ಗ್ರೇಡಿನ ಜೊತೆಗೆ ಗುಣಮಟ್ಟದ ಗುರುತನ್ನೂ ನೋಡುತ್ತೇನೆ. 2020ರಲ್ಲಿ ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐನ ಎಸ್‌ಪಿ ಎಂಬ ಗುಣಮಟ್ಟದ ದರ್ಜೆ ಬಂದಾಗ 0ಡಬ್ಲ್ಯು-16ಕ್ಕೆಂದೇ ಜಿಎಫ್-6ಬಿ ಎಂಬ ಪ್ರತ್ಯೇಕ ಮಾನದಂಡ ಬಂತು, ಅದಕ್ಕೆ ಗುರಾಣಿಯ ಆಕಾರದ ಚಿಹ್ನೆ. 2025ರ ಮಾರ್ಚ್ ಕೊನೆಯಿಂದ ಅವುಗಳ ಮುಂದಿನ ಆವೃತ್ತಿಗಳಾದ ಎಸ್‌ಕ್ಯು ಮತ್ತು ಜಿಎಫ್-7ಬಿ ಚಾಲ್ತಿಗೆ ಬಂದಿವೆ. ಈ ಗುರುತು ಇದ್ದರೆ ಬ್ರ್ಯಾಂಡ್ ಯಾವುದಾದರೂ ನನಗೆ ಅಡ್ಡಿಯಿಲ್ಲ. ವಾರಂಟಿಗಾಗಿ ರಸೀದಿಯನ್ನು ಮಾತ್ರ ತಪ್ಪದೆ ಕಡತದಲ್ಲಿ ಇಡುತ್ತೇನೆ.