ಕುರಿ ಈಯುವಾಗ ಕೈ ಎಲ್ಲಿಡಬೇಕು?

ಹೋದ ಡಿಸೆಂಬರ್‌ನಲ್ಲಿ ಪುಣೆಯ ಹಿಂಜವಡಿಯ ನಾಲ್ಕು ಜನ ಗೆಳೆಯರು ನನ್ನ ಜೊತೆ ಸೋದರಮಾವನ ಕುರಿ ಫಾರ್ಮಿಗೆ ಬಂದಿದ್ದರು. ಮರಿ ಹಾಕುವ ಕಾಲ, ಕೈಲಾದ ಸಹಾಯ ಮಾಡ್ತೀವಿ ಅಂತ. ರಾತ್ರಿ ಹತ್ತೂವರೆಗೆ ಒಂದು ಕುರಿಯ ಹಿಂದೆ ನೀರಿನ ಚೀಲ ಕಂಡಿತು. ಐದು ನಿಮಿಷ ಆಗಿರಲಿಲ್ಲ, ಒಬ್ಬ ಅದನ್ನು ಉಗುರಿನಿಂದ ಒಡೆದ. ಇನ್ನೊಬ್ಬ ಗೊರಸು ಕಂಡದ್ದೇ ತಡ, ಹಿಡಿದು ಎಳೆದ. ಮೂರನೆಯವಳು ಮೊಬೈಲ್ ಟಾರ್ಚನ್ನು ಕುರಿಯ ಕಣ್ಣಿಗೇ ಬಿಟ್ಟಳು. ಮಾವ ಓಡಿ ಬಂದು, "ಸಾಹೇಬ್ರ, ಕೈ ತಗೀರಿ. ಹಡಿಯಾಕತ್ತಿದ್ದು ಅದು, ನೀವಲ್ಲ" ಎಂದರು. ಮರಿ ಬದುಕಿತು. ಕುರಿಗೆ ಒಳಗೆ ಗಾಯವಾಗಿ ನಾಲ್ಕು ದಿನ ಇಂಜೆಕ್ಷನ್ ಕೊಡಿಸಬೇಕಾಯಿತು.

ಆ ನಾಲ್ವರೂ ಒಳ್ಳೆಯವರೇ. ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೆ. ಈ ವರ್ಷವೂ ಪುಣೆಯ ಕನ್ನಡದ ಬಳಗದಿಂದ ಕೆಲವರು ಬರ್ತೀವಿ ಎಂದಿದ್ದಾರೆ. ಅವರಿಗೂ, ಹೀಗೆಯೇ ಊರ ಕಡೆ ಹೊರಡುವವರಿಗೂ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಮಾವ ಮೂಲತಃ ಸಾಂಗಲಿ ಜಿಲ್ಲೆಯ ಜತ್ತದವರು. ಜೇಜುರಿಯ ಹತ್ತಿರ ಜಮೀನು ಲಾವಣಿಗೆ ಹಿಡಿದು ಅರವತ್ತು ಮಾಡಗ್ಯಾಳ ತಳಿಯ ಕುರಿ ಸಾಕಿದ್ದಾರೆ. ಎತ್ತರದ ಕುರಿ, ಬಾಗಿದ ಗಿಣಿಮೂಗು, ಬಿಳಿ ಮೈಮೇಲೆ ಕಂದು ಮಚ್ಚೆ. ಕುರಿಯ ಗರ್ಭ ಸುಮಾರು 150 ದಿನ. ಆಷಾಢದಲ್ಲಿ ಟಗರು ಬಿಟ್ಟರೆ ಮಾರ್ಗಶಿರದಲ್ಲಿ ಮರಿ. ಪುಣೆ ಕಡೆ ಚಳಿ ಹಲ್ಲು ಕಟಕಟಿಸುವಾಗಲೇ ಇವು ಈಯುತ್ತವೆ. ಪುಣೆಯ ಸ್ವಾರಗೇಟಿನಿಂದ ಜೇಜುರಿಗೆ ಬಸ್ಸಿದೆ. ಚಂಪಾಷಷ್ಠಿಯ ಸುತ್ತಮುತ್ತ ಮಾತ್ರ ಹೋಗಬೇಡಿ. ಖಂಡೋಬನ ಜಾತ್ರೆಗೆ ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಅಲ್ಲಿಯ "ಯೇಳಕೋಟ" ಘೋಷ ಕೇಳಿ ನಮ್ಮ ಮೈಲಾರದ "ಏಳುಕೋಟಿ" ನೆನಪಾಗುತ್ತದೆ, ಅದು ಬೇರೆ ಮಾತು.

ಗರ್ಭಿಣಿಯರು ಬರಲೇಬಾರದು. ಈ ಒಂದು ವಿಷಯದಲ್ಲಿ ನನ್ನ ಹತ್ತಿರ ರಿಯಾಯಿತಿ ಇಲ್ಲ. ಈದ ಕುರಿಯ ನೀರು, ರಕ್ತ, ಸತ್ತೆಯಿಂದ (ಮರಿಯ ನಂತರ ಬೀಳುವ ಮಾಸು) ಕೆಲವು ರೋಗಾಣು ಮನುಷ್ಯರಿಗೆ ದಾಟುತ್ತವೆ, ಗರ್ಭ ಹೋಗುವಷ್ಟು ಅಪಾಯ. ದೂರ ನಿಂತು ನೋಡ್ತೀನಿ ಅನ್ನುವುದೂ ಬೇಡ. ಮನೆಗೆ ಹೋದ ಮೇಲೆ ನಿಮ್ಮ ಬಟ್ಟೆಯನ್ನು ಅವರ ಕೈಗೆ ಒಗೆಯಲು ಕೊಡುವುದೂ ಬೇಡ.

ಉಗುರು ಕತ್ತರಿಸಿ. ಬಳೆ, ಉಂಗುರ, ವಾಚು ಮನೆಯಲ್ಲೇ ಬಿಡಿ. ಮೆಡಿಕಲ್ ಶಾಪಿನಿಂದ ಮೊಣಕೈವರೆಗೆ ಬರುವ ಗ್ಲೌಸ್, ಟಿಂಚರ್ ಅಯೋಡಿನ್, ಸಾದಾ ಡಿಜಿಟಲ್ ಥರ್ಮಾಮೀಟರ್ ತನ್ನಿ. ಹಳೆಯ ಟವೆಲ್ ಎಷ್ಟಿದ್ದರೂ ಸಾಲದು. ಹಣೆಗೆ ಕಟ್ಟುವ ಟಾರ್ಚ್ ಒಂದು. ಜಾರಿಕೆಗೆ ಸ್ಕ್ಯಾನಿಂಗಿನವರು ಬಳಸುವ ಜೆಲ್ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಹೊಸದಾಗಿ ಒಡೆದ ಶೇಂಗಾ ಎಣ್ಣೆ ಪ್ಯಾಕೆಟ್ ಸಾಕು. ಪಾತ್ರೆ ತೊಳೆಯುವ ಸೋಪು ಹಚ್ಚಿ ಕೈ ಹಾಕಿದವರನ್ನು ಕಂಡಿದ್ದೇನೆ. ಅದು ಒಳಗಿನ ಜಾರನ್ನೆಲ್ಲ ತೊಳೆದು, ಉರಿ ಎಬ್ಬಿಸಿ, ಕೆಲಸ ಕೆಡಿಸುತ್ತದೆ.

ಕಾಯುವುದು

ಈಯುವ ಕುರಿ ಹಿಂಡಿನಿಂದ ಸರಿದು ಮೂಲೆ ಹಿಡಿಯುತ್ತದೆ. ಮೇವು ಬಿಡುತ್ತದೆ. ಮುಂಗಾಲಿನಿಂದ ನೆಲ ಕೆರೆಯುತ್ತದೆ, ಮಲಗಿ ಏಳುತ್ತದೆ, ತಿರುಗಿ ತನ್ನ ಬೆನ್ನ ಹಿಂದೆ ನೋಡುತ್ತದೆ. ಕೆಚ್ಚಲು ಬಿಗಿದು ಮಿನುಗುತ್ತಿರುತ್ತದೆ. ಈಗ ನಿಮ್ಮ ಕೆಲಸ ಗಡಿಯಾರ ನೋಡುವುದು. ಎಷ್ಟೊತ್ತಿಗೆ ಮುಕ್ಕಲು (ತಿಣುಕಲು) ಶುರುಮಾಡಿತು, ಎಷ್ಟೊತ್ತಿಗೆ ನೀರು ಒಡೆಯಿತು, ಬರೆದಿಡಿ. ಮೊಬೈಲ್ ಬೇಡ, ಕೈ ಒದ್ದೆ ಇರುತ್ತದೆ. ಸೀಸದ ಕಡ್ಡಿ, ಪಾಕೆಟ್ ಪುಸ್ತಕ.

ನೀರಿನ ಚೀಲ ಬಲೂನಿನಂತೆ ಹೊರಗೆ ಬರುತ್ತದೆ. ಮುಟ್ಟಬೇಡಿ. ಅದು ದಾರಿ ಹಿಗ್ಗಿಸುತ್ತಿದೆ. ತಾನಾಗಿ ಒಡೆದ ಮೇಲೆ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮರಿ ಬರುತ್ತದೆ. ಮೊದಲ ಸೂಲಿನ ಕುರಿಗೆ ಸ್ವಲ್ಪ ಜಾಸ್ತಿ ಬೇಕು. ಸರಿಯಾಗಿ ಬರುವ ಮರಿ ಎರಡು ಮುಂಗಾಲು ಚಾಚಿ, ಅದರ ಮೇಲೆ ಮೂತಿ ಇಟ್ಟುಕೊಂಡು, ಈಜಲು ಧುಮುಕುವ ಹುಡುಗನ ಹಾಗೆ ಬರುತ್ತದೆ. ಎರಡು ಗೊರಸು, ಒಂದು ಮೂಗು ಕಂಡರೆ ಕೈ ಕಟ್ಟಿ ಕೂತುಬಿಡಿ. ಹತ್ತರಲ್ಲಿ ಒಂಬತ್ತು ಕುರಿಗೆ ನಮ್ಮ ಅಗತ್ಯವೇ ಇಲ್ಲ ಎನ್ನುತ್ತಾರೆ ಮಾವ. ನಾನು ನೋಡಿದ್ದೂ ಹಾಗೆಯೇ.

ಕೈ ಹಾಕಲೇಬೇಕಾದಾಗ

ಅರ್ಧ ಗಂಟೆ ಜೋರಾಗಿ ಮುಕ್ಕಿಯೂ ಏನೂ ಕಾಣದಿದ್ದರೆ, ಒಂದೇ ಕಾಲು ಕಂಡರೆ, ಕಾಲಿಲ್ಲದೆ ತಲೆ ಮಾತ್ರ ಬಂದರೆ, ಬಾಲ ಕಂಡರೆ ಯಾರಾದರೂ ಒಳಗೆ ಪರೀಕ್ಷೆ ಮಾಡಬೇಕು. ಹೊಸಬರು ಮೊದಲ ಸಲ ಅನುಭವಸ್ಥರು ಪಕ್ಕದಲ್ಲಿದ್ದಾಗಲೇ ಮಾಡಿ. ನನಗೆ ಈ ಕೆಲಸ ಬಂದದ್ದು ಕೈ ಸಣ್ಣದು ಅನ್ನುವ ಒಂದೇ ಕಾರಣಕ್ಕೆ. ಮಾವನ ಅಂಗೈ ಜೋಳದ ರೊಟ್ಟಿಯಷ್ಟಿದೆ.

ಕುರಿಯ ಹಿಂಭಾಗ ತೊಳೆಯಿರಿ. ಗ್ಲೌಸಿಗೆ ಧಾರಾಳವಾಗಿ ಜೆಲ್ ಸುರಿಯಿರಿ. ಐದೂ ಬೆರಳು ಕೂಡಿಸಿ ಬಾಳೆಮೊಗ್ಗಿನ ಹಾಗೆ ಮಾಡಿ, ಕುರಿ ಮುಕ್ಕದ ಹೊತ್ತಿನಲ್ಲಿ ಮೆಲ್ಲಗೆ ಸೇರಿಸಿ. ಎರಡು ಮೂರು ಬೆರಳಿಗಿಂತ ಹೆಚ್ಚು ಹೋಗದಂತೆ ದಾರಿ ಬಿಗಿದಿದ್ದರೆ ಅಲ್ಲಿಗೇ ನಿಲ್ಲಿಸಿ. ಗರ್ಭದ ಬಾಯಿ ತೆರೆದಿಲ್ಲ, ಡಾಕ್ಟರ್ ಬರಬೇಕು. ಬಲ ಹಾಕಿದರೆ ಹರಿಯುತ್ತದೆ.

ಒಳಗೆ ಎಲ್ಲ ಬಿಸಿ, ಜಾರು, ಕತ್ತಲೆ. ಕಣ್ಣು ಮುಚ್ಚಿಕೊಂಡರೆ ಬೆರಳಿಗೆ ಚೆನ್ನಾಗಿ ಕಾಣುತ್ತದೆ. ಒಂದು ಗೊರಸು ಸಿಕ್ಕಿತು ಅನ್ನಿ. ಮುಂಗಾಲೋ ಹಿಂಗಾಲೋ? ಗೊರಸಿನಿಂದ ಮೇಲಕ್ಕೆ ಬೆರಳು ಸರಿಸಿ. ಒಂದು ಗೆಣ್ಣು ಸಿಗುತ್ತದೆ, ಅದರ ಮೇಲೆ ಇನ್ನೊಂದು. ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು. ಒಂದು ಆ ಕಡೆ, ಇನ್ನೊಂದು ಈ ಕಡೆ ಮಡಚಿದರೆ ಹಿಂಗಾಲು. ಇದನ್ನು ಓದಿ ಕಲಿಯಲು ಆಗುವುದಿಲ್ಲ. ಹಗಲಿನಲ್ಲೇ ಒಂದು ಸಾಧು ಕುರಿಯನ್ನು ಹಿಡಿದು, ಕಣ್ಣು ಮುಚ್ಚಿ ನಾಲ್ಕೂ ಕಾಲು ತಡವಿ ನೋಡಿ. ಜನ ನಗುತ್ತಾರೆ, ನಗಲಿ.

ಈಗ ಎಲ್ಲರೂ ಎಡವುವ ಜಾಗ. ಎರಡು ಕಾಲು ಸಿಕ್ಕಿದ ಕೂಡಲೇ ಎಳೆಯಬೇಡಿ. ಒಳಗೆ ಅವಳಿ ಇದ್ದರೆ ಒಂದು ಕಾಲು ಅಣ್ಣನದು, ಇನ್ನೊಂದು ತಮ್ಮನದು ಆಗಿರಬಹುದು. ಒಂದು ಕಾಲು ಹಿಡಿದು ಅದರ ಗುಂಟ ಭುಜದವರೆಗೆ ಹೋಗಿ. ಎದೆ ದಾಟಿ ಇನ್ನೊಂದು ಭುಜಕ್ಕೆ ಬನ್ನಿ. ಅಲ್ಲಿಂದ ಕೆಳಗಿಳಿದು ಎರಡನೇ ಗೊರಸು. ಮತ್ತೆ ಮೇಲೆ ಹೋಗಿ ಕುತ್ತಿಗೆ, ತಲೆ. ಮೂರೂ ಒಂದೇ ಮೈಗೆ ಸೇರಿದ್ದು ಅಂತ ಖಾತ್ರಿಯಾದ ಮೇಲೆ ಮುಂದಿನ ಮಾತು. ದಖ್ಖನದ ಕುರಿಗಳಲ್ಲಿ ಒಂದೇ ಮರಿ ಹೆಚ್ಚು. ಆದರೆ ಫಲಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಸುಂದರಬನದ ಗರೋಲ್ ಕುರಿಯ ಅವಳಿ ಹಾಕುವ ಗುಣವನ್ನು ದಖ್ಖನಿ ಕುರಿಗೆ ತಂದು 'ನಾರಿ ಸುವರ್ಣ' ಮಾಡಿದ್ದಾರೆ. ಮಾವನ ಹತ್ತಿರವೂ ಅಂಥವು ಆರಿವೆ. ನನಗೆ ಬೆವರಿಳಿಸಿದ್ದೆಲ್ಲ ಆ ಆರೇ.

ಒಂದು ಕಾಲು ಹಿಂದೆ ಮಡಚಿಕೊಂಡಿದ್ದರೆ ಎಳೆಯುವ ಬದಲು ತಳ್ಳಬೇಕು. ಮುಕ್ಕುವುದು ನಿಂತಾಗ ಮರಿಯನ್ನು ಸ್ವಲ್ಪ ಒಳಕ್ಕೆ ಸರಿಸಿ ಜಾಗ ಮಾಡಿಕೊಳ್ಳಿ. ಮಡಚಿದ ಕಾಲಿನ ಗೊರಸನ್ನು ಅಂಗೈಯಲ್ಲಿ ಬಟ್ಟಲಿನಂತೆ ಮುಚ್ಚಿ ಮುಂದಕ್ಕೆ ತನ್ನಿ. ಅಂಗೈ ಮುಚ್ಚದಿದ್ದರೆ ಗೊರಸಿನ ಚೂಪು ಗರ್ಭಕೋಶವನ್ನು ಗೀರುತ್ತದೆ. ತಲೆ ಹಿಂದೆ ತಿರುಗಿದ್ದರೆ, ಬಾಲ ಮಾತ್ರ ಸಿಕ್ಕಿದರೆ ನೀವು ಕೈ ತೆಗೆದು ಗೊತ್ತಿದ್ದವರನ್ನು ಕರೆಯಿರಿ. ಎರಡೂ ಹಿಂಗಾಲು ಮೊದಲು ಬಂದರೆ ತಿರುಗಿಸುವ ಸಾಹಸ ಬೇಡ, ಹಾಗೆಯೇ ಹೊರತನ್ನಿ. ಸೊಂಟ ಹೊರಬಂದ ಮೇಲೆ ಮಾತ್ರ ತಡ ಮಾಡಬೇಡಿ. ಹೊಕ್ಕುಳ ಬಳ್ಳಿ ಒತ್ತಿಹೋಗಿರುತ್ತದೆ, ತಲೆ ಇನ್ನೂ ನೀರಿನಲ್ಲಿರುತ್ತದೆ.

ಎಳೆಯುವುದು ಅಂದರೆ ಹಗ್ಗಜಗ್ಗಾಟ ಅಲ್ಲ. ಗೊರಸಿನ ಮೇಲಿನ ಗೆಣ್ಣು ದಾಟಿ ಹಿಡಿಯಿರಿ. ಕುರಿ ಮುಕ್ಕಿದಾಗ ಎಳೆಯಿರಿ, ಬಿಟ್ಟಾಗ ಬಿಡಿ. ನೇರವಾಗಿ ನಿಮ್ಮ ಕಡೆಗಲ್ಲ, ಕೆಳಗೆ, ಕುರಿಯ ಹಿಂಗಾಲಿನ ಕಡೆಗೆ ಬಾಗಿಸಿ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಸ್ವಲ್ಪ ಸ್ವಲ್ಪ ಎಳೆದರೆ ಭುಜ ಓರೆಯಾಗಿ ಸಲೀಸಾಗಿ ಜಾರುತ್ತದೆ. ಹದಿನೈದು ನಿಮಿಷದಲ್ಲಿ ಏನೂ ಮುಂದೆ ಸಾಗದಿದ್ದರೆ ನಿಲ್ಲಿಸಿ. 1962ಕ್ಕೆ ಫೋನ್ ಮಾಡಿದರೆ ಸರ್ಕಾರದ ಪಶು ಚಿಕಿತ್ಸೆಯ ಗಾಡಿ ಕೇಳಬಹುದು. ಆದರೆ ಕುರಿಗಳು ನಡುರಾತ್ರಿಯನ್ನೇ ಆರಿಸಿಕೊಳ್ಳುತ್ತವೆ, ಅಲ್ವಾ. ಹತ್ತಿರದ ಡಾಕ್ಟರ ನಂಬರನ್ನು ಸಂಜೆಯೇ ಗೋಡೆಗೆ ಅಂಟಿಸಿಡಿ.

ಮರಿ ನೆಲಕ್ಕೆ ಬಿದ್ದ ಮೇಲೆ

ಮೂಗು ಬಾಯಿಯ ಲೋಳೆ ಒರೆಸಿ. ಉಸಿರಾಡದಿದ್ದರೆ ಒಂದು ಒಣಹುಲ್ಲಿನ ಕಡ್ಡಿಯನ್ನು ಮೂಗಿನ ಹೊಳ್ಳೆಯಲ್ಲಿ ಆಡಿಸಿ, ಸೀನುತ್ತದೆ. ಟವೆಲಿನಿಂದ ಪಕ್ಕೆಯನ್ನು ಗಟ್ಟಿಯಾಗಿ ತಿಕ್ಕಿ. ಹಿಂಗಾಲು ಹಿಡಿದು ಗರಗರ ತಿರುಗಿಸುವುದನ್ನು ವಿಡಿಯೊಗಳಲ್ಲಿ ತೋರಿಸುತ್ತಾರೆ. ಮಾಡಬೇಡಿ. ಒಮ್ಮೆ ನನ್ನೆದುರೇ ಒಬ್ಬರ ಕೈಯಿಂದ ಜಾರಿ ಮರಿ ಗೋಡೆಗೆ ಬಡಿಯಿತು.

ಆಮೇಲೆ ಮರಿಯನ್ನು ತಾಯಿಯ ಮೂತಿಯ ಮುಂದಿಟ್ಟು ಹಿಂದೆ ಸರಿಯಿರಿ. ನೆಕ್ಕಲಿ. ಆ ವಾಸನೆಯೇ ಅವಳಿಗೆ ಮರಿಯ ಗುರುತು. ಪಾಪ ಗಲೀಜು ಅಂತ ಬಿಸಿನೀರಿನಲ್ಲಿ ಸ್ನಾನ ಮಾಡಿಸಿದ ಪುಣ್ಯಾತ್ಮರಿದ್ದಾರೆ. ತಾಯಿ ಆ ಮರಿಯನ್ನು ಗುದ್ದಿ ಓಡಿಸಿತು, ನಾವು ಒಂದೂವರೆ ತಿಂಗಳು ಬಾಟಲಿ ಹಿಡಿದೆವು. ಹೊಕ್ಕುಳ ಬಳ್ಳಿಯನ್ನು ಟಿಂಚರ್ ಅಯೋಡಿನ್‌ನಲ್ಲಿ ಅದ್ದಿ. ಅರಿಸಿನ, ಬೂದಿ, ಸಗಣಿ ಬೇಡ. ಅಜ್ಜಿ ಹೇಳಿದ್ದರೂ ಬೇಡ.

ಗಿಣ್ಣು ಹಾಲು

ಹೆರಿಗೆ ಸುಸೂತ್ರ ಆಗಿಯೂ ಮರುದಿನ ಮರಿ ಸತ್ತರೆ ಬಹಳ ಸಲ ಕಾರಣ ಹೊಟ್ಟೆ ಖಾಲಿ, ಮೈ ತಣ್ಣಗೆ. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಗಿಣ್ಣಿನಿಂದಲೇ. ಮೊದಲ ಆರು ಗಂಟೆಯಲ್ಲಿ ಕರುಳು ಅದನ್ನು ಚೆನ್ನಾಗಿ ಹೀರುತ್ತದೆ, 24 ಗಂಟೆ ಆಗುವಷ್ಟರಲ್ಲಿ ಆ ಬಾಗಿಲು ಮುಚ್ಚಿರುತ್ತದೆ.

ಪ್ರತಿ ಮೊಲೆಯನ್ನೂ ಒಂದೆರಡು ಸಲ ಹಿಂಡಿ, ತುದಿಯ ಮೇಣದಂಥ ಬಿರಡೆ ಬೀಳುತ್ತದೆ. ಅದು ಬೀಳದೆ ಮರಿ ಚೀಪುತ್ತಲೇ ಇರುತ್ತದೆ, ಹಾಲು ಬರುವುದಿಲ್ಲ. ನೋಡುವವರು 'ಕುಡೀತಿದೆ' ಅಂದುಕೊಳ್ಳುತ್ತಾರೆ. ಬಾಲ ಅಲ್ಲಾಡುವುದನ್ನು ನಂಬಬೇಡಿ, ಹೊಟ್ಟೆ ಮುಟ್ಟಿ ನೋಡಿ. ಕುಡಿದ ಮರಿಯ ಹೊಟ್ಟೆ ತುಂಬಿದ ನೀರಿನ ಪೊಟ್ಟಣದ ಹಾಗಿರುತ್ತದೆ. ತಾನೇ ಕುಡಿಯದಿದ್ದರೆ ತಾಯಿಯದೇ ಗಿಣ್ಣು ಹಿಂಡಿ ಬಾಟಲಿಯಲ್ಲಿ ಕೊಡಿ. ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 50 ಮಿಲಿ ಲೆಕ್ಕ. ಮೂರು ಕಿಲೋ ಮರಿಗೆ 150 ಮಿಲಿ, ದಿನಕ್ಕೆ ನಾಲ್ಕು ಸಲ. ತಾಯಿಗೆ ಹಾಲಿಲ್ಲವೇ? ಆವತ್ತೇ ಈದ ಇನ್ನೊಂದು ಕುರಿಯದ್ದೋ ಆಡಿನದ್ದೋ ಆಗುತ್ತದೆ. ಹೆಚ್ಚಾದ ಗಿಣ್ಣನ್ನು ನಾವು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿಡುತ್ತೇವೆ. ಕರಗಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿಡಿ, ಒಲೆಯ ಮೇಲೆ ಇಟ್ಟರೆ ಒಡೆದು ಗಟ್ಟಿಯಾಗುತ್ತದೆ. ಗಿಣ್ಣು ನೋಡಿದ ಕೂಡಲೇ ಬೆಲ್ಲ ಏಲಕ್ಕಿ ನೆನೆಸಿಕೊಳ್ಳುವವರು ಮರಿಗಳ ಸರದಿ ಮುಗಿಯುವವರೆಗೆ ಕಾಯಬೇಕು. ಇನ್ನು ಅಂಗಡಿಯ ಡಬ್ಬಿಯ 'ಮರಿಗಳ ಟಾನಿಕ್'. ಹೋದ ವರ್ಷ ದುಡ್ಡು ಕೊಟ್ಟು ತಂದೆ. ಬಣ್ಣ ಬೆರೆಸಿದ ಸಕ್ಕರೆ ನೀರು. ಗಿಣ್ಣಿನ ಬದಲಿಗೆ ಅದು ಬರುವುದಿಲ್ಲ.

ತಣ್ಣಗಾದ ಮರಿ

ಬಾಯೊಳಗೆ ಬೆರಳಿಡಿ. ಬೆಚ್ಚಗಿದ್ದರೆ ಸರಿ. ತಣ್ಣಗಿದ್ದರೆ ಗುದದಲ್ಲಿ ಥರ್ಮಾಮೀಟರ್ ಇಡಿ. 39ರಿಂದ 40 ಡಿಗ್ರಿ ಸೆಲ್ಸಿಯಸ್ ಸರಿಯಾದ ಲೆಕ್ಕ. 37ಕ್ಕಿಂತ ಇಳಿದಿದ್ದರೆ ಹಾಲು ಹಾಕಬೇಡಿ, ನುಂಗಲಾಗದೆ ಶ್ವಾಸಕೋಶಕ್ಕೆ ಹೋಗುತ್ತದೆ. ಹುಟ್ಟಿ ಐದು ಗಂಟೆ ಆಗಿರದಿದ್ದರೆ ಒರೆಸಿ, ಬೆಚ್ಚಗೆ ಮಾಡಿ, ತಲೆ ಎತ್ತಿದ ಮೇಲೆ ಗಿಣ್ಣು ಕೊಡಿ. ಐದು ಗಂಟೆ ದಾಟಿದ್ದರೆ ಬೆಚ್ಚಗೆ ಮಾಡುವ ಮುಂಚೆಯೇ ಗ್ಲೂಕೋಸ್ ಇಂಜೆಕ್ಷನ್ ಬೇಕು, ಅದನ್ನು ಬಲ್ಲವರೇ ಕೊಡಬೇಕು. ಸಕ್ಕರೆ ಖಾಲಿಯಾದ ಮೈಗೆ ಒಮ್ಮೆಲೇ ಶಾಖ ಕೊಟ್ಟರೆ ಫಿಟ್ಸ್ ಬಂದು ಹೋಗಿಬಿಡುತ್ತದೆ.

ಶಾಖಕ್ಕೆ ಕೆಂಪು ಬಲ್ಬು ಹಾಕುವುದಾದರೆ ಸರಪಳಿಯಲ್ಲಿ ತೂಗುಹಾಕಿ, ವೈರಿನ ಮೇಲೆ ಭಾರ ಬಿಡಬೇಡಿ. ಕೆಳಗೆ ಒಣಹುಲ್ಲು ಇರುತ್ತದೆ ಅನ್ನುವುದು ನೆನಪಿರಲಿ. ಮುಚ್ಚಿದ ಶೆಡ್ಡಿನಲ್ಲಿ ಇದ್ದಿಲ ಶೇಗಡಿ ಬೇಡವೇ ಬೇಡ. ನನ್ನ ಆಯ್ಕೆ ಗೋಣಿಚೀಲ ಸುತ್ತಿದ ಬಿಸಿನೀರಿನ ಬಾಟಲಿ, ಪಕ್ಕದಲ್ಲಿ ಮರಿ, ಮೇಲೆ ಮಾವನ ಕರಿ ಕಂಬಳಿ.

ಬೆಳಿಗ್ಗೆ

ಸತ್ತೆ ಕೆಲವು ಗಂಟೆಯಲ್ಲಿ ತಾನಾಗಿ ಬೀಳುತ್ತದೆ. ಜೋತಾಡುತ್ತಿದೆ ಅಂತ ಎಳೆಯಬೇಡಿ. ಮರುದಿನದವರೆಗೂ ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಬಿದ್ದದ್ದನ್ನು ಗ್ಲೌಸ್ ಹಾಕಿ ತೆಗೆದು ನಾಯಿ ಕೆದಕದಷ್ಟು ಆಳದಲ್ಲಿ ಹೂಳಿ. ಕುರಿಗೆ ಬೆಚ್ಚನೆ ನೀರು, ಒಳ್ಳೆ ಮೇವು. ತಾಯಿ ಮರಿಗೆ ಒಂದೇ ನಂಬರನ್ನು ಬಣ್ಣದಲ್ಲಿ ಬರೆಯಿರಿ, ಒಂದೆರಡು ದಿನ ಎರಡನ್ನೂ ಒಟ್ಟಿಗೆ, ಹಿಂಡಿನಿಂದ ಬೇರೆ ದೊಡ್ಡಿಯಲ್ಲಿಡಿ.

ಬಟ್ಟೆ ಬದಲಿಸಿ, ಹಳೆಯದನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ. ಒಂದೇ ಚೀಲ ಸಾಕು ಅಂದುಕೊಂಡು ನಾನೊಮ್ಮೆ ಬಸ್ ಹತ್ತಿದ್ದೆ. ಸಾಸವಡ ಬರುವಷ್ಟರಲ್ಲಿ ನನ್ನ ಪಕ್ಕದ ಸೀಟು ಖಾಲಿಯಾಗಿತ್ತು, ಹಿಂದಿನದ್ದೂ.